ಹಳೇ ಡ್ರಮ್ಮಿಗೆ ಮನೇಲೇ ಸ್ಪಾರ್ಕಲ್ ಹೊಡೆಯೋದು

ಪ್ರಶ್ನೆ: ಸರ್, ನಾನಿರೋದು ಶಿಕಾಗೋ ಹತ್ರ. ಇಲ್ಲಿ ಒಬ್ರ ಮನೆ ಸೇಲಲ್ಲಿ 60ರ ದಶಕದ ಲುಡ್ವಿಗ್ ಕಂಪನಿ ಡ್ರಮ್ ಸೆಟ್ ಸಿಕ್ತು, 22 ಇಂಚಿನ ಬಾಸ್, 13ರ ಟಾಮ್, 16ರ ಫ್ಲೋರ್ ಟಾಮ್. ಯಾರೋ ಹಿಂದೆ ಮೇಲಿನ ಮಿನುಗೋ ಪ್ಲಾಸ್ಟಿಕ್ ಶೀಟ್ ಕಿತ್ತು ಕಪ್ಪು ಪೇಂಟ್ ಬಳಿದಿದ್ದಾರೆ. ಗ್ಯಾರೇಜಲ್ಲೇ ಸಿಲ್ವರ್ ಸ್ಪಾರ್ಕಲ್, ಅಂದ್ರೆ ಬೆಳ್ಳಿ ಮಿನುಗಿನ ಫಿನಿಶ್, ಸ್ಪ್ರೇ ಮಾಡ್ಬೇಕು ಅಂತ ಆಸೆ, ಆಗುತ್ತಾ?

ಉತ್ತರ: ಆಗುತ್ತೆ. ಹಳೇ ಶೀಟ್ ಇನ್ನೂ ಮೇಲಿದ್ದಿದ್ರೆ ಮುಟ್ಬೇಡಿ ಅಂತಿದ್ದೆ, ಸಿಲ್ವರ್ ಸ್ಪಾರ್ಕಲ್ ಬೆಳಕು ಬಿದ್ದು ಬಿದ್ದು ಹಳದಿ ತಿರುಗಿ ಚಿನ್ನದ ಥರ ಆಗಿರುತ್ತಲ್ಲ, ಅದರ ಚಂದ ಹೊಸದ್ರಲ್ಲಿ ಬರಲ್ಲ. ನಿಮ್ಮದ್ರಲ್ಲಿ ಅದು ಆಗ್ಲೇ ಹೋಗಿದೆ, ಧೈರ್ಯವಾಗಿ ಮಾಡಿ. ನಿಮ್ಮೂರಲ್ಲೇ, ಡೇಮನ್ ಅವೆನ್ಯೂ ಫ್ಯಾಕ್ಟರಿಲಿ ಹುಟ್ಟಿದ ಸೆಟ್ಟು, ಮತ್ತೆ ಮಿನುಗೋ ಹಾಗಾದ್ರೆ ನಂಗೂ ಖುಷಿ.

ಆ ಕಪ್ಪು ಪೇಂಟ್ ಯಾವ ಕಾಲದ್ದೋ, 1978ಕ್ಕಿಂತ ಹಿಂದಿನದಾದ್ರೆ ಸೀಸ ಇರಬಹುದು, ಟೆಸ್ಟ್ ಕಿಟ್ಟಲ್ಲಿ ನೋಡ್ಕೊಂಡೇ ಕೈ ಹಾಕಿ, ಒಣ ಸ್ಯಾಂಡಿಂಗ್ ಮಾಡಿ ಧೂಳೆಬ್ಬಿಸಬೇಡಿ. ಶೆಲ್ಲಿನ, ಅಂದ್ರೆ ಡ್ರಮ್ಮಿನ ಮರದ ಮೈಯ, ಒಳಗೆ ಏನೂ ಉಜ್ಜಬೇಡಿ, ಕೆಲವದ್ರಲ್ಲಿ ತಾರೀಖಿನ ಮೊಹರು ಇರುತ್ತೆ, ಅದು ಹೋದ್ರೆ ಹೋಯ್ತು. ಬೇರಿಂಗ್ ಎಡ್ಜಿಗೂ, ಅಂದ್ರೆ ಹೆಡ್ (ಬಾರಿಸೋ ಹೊದಿಕೆ) ಕೂರೋ ಅಂಚಿಗೂ, ಟೇಪ್ ಸುತ್ತಿ.

ಬಿರುಕು, ಗುಳಿಗೆ ಪುಟ್ಟಿ ತುಂಬಿ 220 ನಂಬರ್ ಸ್ಯಾಂಡ್ ಪೇಪರವರೆಗೆ ಉಜ್ಜಿ, ಮರದ ರಂಧ್ರ ಮುಚ್ಚೋ ಸೀಲರ್ ಆದ್ಮೇಲೆ ಮೊದಲು ಸಾದಾ ಸಿಲ್ವರ್ ಬೇಸ್ ಹೊಡೀರಿ. ಬೇಸ್ ಅದೇ ಬಣ್ಣದ್ದಾದ್ರೆ ಫ್ಲೇಕ್ (ಮಿನುಗೋ ಚೂರು) ಅಲ್ಲಲ್ಲಿ ತೆಳುವಾದ್ರೂ ಮರ ಕಾಣಲ್ಲ. ಫ್ಲೇಕ್ ಕ್ಲಿಯರಲ್ಲಿ, ಅಂದ್ರೆ ಬಣ್ಣವಿಲ್ಲದ ಪಾರದರ್ಶಕ ಲ್ಯಾಕರಲ್ಲಿ, ಕಲಸಿ ಸ್ಪ್ರೇ ಗನ್ನಲ್ಲಿ ಹೊಡೀಬೇಕು, ನಳಿಕೆ ದೊಡ್ಡದಿರ್ಲಿ, 1.8 ಅಥವಾ 2 ಮಿಲಿಮೀಟರ್, ಕಪ್ ಆಗಾಗ ಅಲ್ಲಾಡಿಸ್ತಾ ಇರಿ ಯಾಕಂದ್ರೆ ಅಲ್ಯೂಮಿನಿಯಮ್ ಲೇಪನದ ಆ ಚೂರುಗಳು ತಳಕ್ಕೆ ಕೂರುತ್ವೆ, ಆಮೇಲೆ ಒಂದ್ಕಡೆ ದಟ್ಟ ಒಂದ್ಕಡೆ ಖಾಲಿ.

ಈಗ ಮುಖ್ಯ ವಿಷಯ. ಫ್ಲೇಕ್ ಒಣಗಿದ್ಮೇಲೆ ಮುಟ್ಟಿದ್ರೆ ಒರಟು ಒರಟಾಗಿರುತ್ತೆ, ತಡೆಯಕ್ಕಾಗದೆ ಜನ ಅಲ್ಲೇ ಸ್ಯಾಂಡ್ ಪೇಪರ್ ಹಾಕ್ತಾರೆ, ಚೂರುಗಳ ಲೇಪನ ಕಿತ್ತು ಹೊಳಪೇ ಸತ್ತುಹೋಗುತ್ತೆ. ಮೊದಲು ಅದನ್ನ ಕ್ಲಿಯರಲ್ಲಿ ಪೂರ್ತಿ ಹೂಳಿ, ನಾಲ್ಕೈದು ಕೋಟು ಬೇಕಾದ್ರೂ ಆಗ್ಲಿ, ಆಮೇಲೆ 600ರಲ್ಲಿ ಸಮ ಮಾಡಿ, ಮತ್ತೆ ಕ್ಲಿಯರ್, ಕೊನೇಲಿ ನೀರು ಹಾಕಿ 1000, 1500, 2000, ಪಾಲಿಶ್. ಇಷ್ಟು ಕೋಟಿಗೆ ಶೆಲ್ ದಪ್ಪ ಆಗೇ ಆಗುತ್ತೆ. ಹೂಪ್ (ಹೆಡ್ ಹಿಡಿದಿಡೋ ಬಳೆ) ಮುಚ್ಚೋ ಅಂಚಿನ ಪಟ್ಟಿ ತೆಳುವಾಗಿರ್ಲಿ, ನಡುನಡುವೆ ಗಟ್ಟಿಯಾಗಿ ಒಣಗಿದಾಗ ಹೊಸ ಹೆಡ್ ಇಟ್ಟು ನೋಡಿ, ಸಲೀಸಾಗಿ ಇಳೀಬೇಕು. ಬಿಗಿ ಕೂತ್ರೆ ಟ್ಯೂನಿಂಗ್ ನಿಲ್ಲಲ್ಲ, ಎಷ್ಟು ಮಿನುಗಿದ್ರೂ ಏನು ಪ್ರಯೋಜನ.

ಗ್ಯಾರೇಜಲ್ಲಿ ಗ್ಯಾಸ್ ವಾಟರ್ ಹೀಟರ್ ಇದ್ರೆ ಅಲ್ಲಿ ಬೇಡವೇ ಬೇಡ, ಆ ಸಣ್ಣ ಉರಿ ಲ್ಯಾಕರ್ ಆವಿಗೆ ಸಾಕು. ಹಾರ್ಡನರ್ (ಗಟ್ಟಿ ಮಾಡೋ ದ್ರವ) ಹಾಕೋ ಕ್ಲಿಯರ್ ಕೂಡ ಮನೇಲಿ ಬೇಡ, ಅದರ ಐಸೊಸಯನೇಟ್ ಅನ್ನೋ ರಾಸಾಯನಿಕ ಉಸಿರಿಗೆ ಅಪಾಯ. ಸಾದಾ ಲ್ಯಾಕರ್‌ಗೂ ಆವಿ ತಡೆಯೋ ಕಾರ್ಟ್ರಿಜ್ ಮಾಸ್ಕ್ ಹಾಕ್ಕೊಳ್ಳಿ, ಬಾಗಿಲು ತೆಗೆದಿಡಿ. ಸೆಕೆ, ತೇವದ ದಿನ ಲ್ಯಾಕರ್ ಬಿಳಿ ಮಬ್ಬು ಹಿಡಿಯುತ್ತೆ, ಒಣ ದಿನ ನೋಡ್ಕೊಳ್ಳಿ.

ಪ್ರಶ್ನೆ: ಪೇಂಟ್ ಆದ ತಕ್ಷಣ ಲಗ್ (ಟ್ಯೂನಿಂಗ್ ಸ್ಕ್ರೂ ಕೂರೋ ಲೋಹದ ತುಂಡು) ಹಾಕಬಹುದಾ?

ಉತ್ತರ: ಬೇಡ. ಲ್ಯಾಕರ್ ಮೇಲೆ ಒಣಗಿದ್ರೂ ಒಳಗೆ ಮೆತ್ತಗಿರುತ್ತೆ, ಲಗ್ಗಿನ ಅಚ್ಚು ಬೀಳುತ್ತೆ. ಒಂದು ತಿಂಗಳು ಬಿಡಿ, ಆಮೇಲೆ ಲಗ್ ಕೆಳಗೆ ತೆಳು ಗ್ಯಾಸ್ಕೆಟ್ ಕೊಟ್ಟು ಸ್ಕ್ರೂನ ಕೈಯಲ್ಲೇ ಹದವಾಗಿ ಬಿಗೀರಿ, ಡ್ರಿಲ್ ಮೆಷಿನ್ ಹಚ್ಚಬೇಡಿ.