ಪ್ರತಿಕ್ರಿಯೆ: ಆಟೊ ಬೇಕು, ಬ್ಯಾಟರಿ ಸತ್ತರೂ ನಡೆಯಬೇಕು, ಅಂಥ ಫಿಲ್ಮ್ ಕ್ಯಾಮೆರಾ ಇದೆಯಾ?

ಆಟೊ ಎಕ್ಸ್‌ಪೋಷರ್ (ಎಷ್ಟು ಬೆಳಕು ಬೇಕೆಂದು ಕ್ಯಾಮೆರಾವೇ ಹೊಂದಿಸಿಕೊಳ್ಳುವುದು), ಬ್ಯಾಟರಿ ಇಲ್ಲದೆಯೂ ಎಲ್ಲಾ ಶಟರ್ ಸ್ಪೀಡ್, ಕೈಗೆಟುಕುವ ಬೆಲೆ: ಈ ಮೂರೂ ಒಟ್ಟಿಗೆ ಸಿಗುವುದು ಅಪರೂಪ. ಅದಕ್ಕೆ ಕಾರಣ ಶಟರ್, ಅಂದ್ರೆ ಫಿಲ್ಮ್‌ಗೆ ಬೆಳಕು ಬಿಡುವ ಪರದೆ. ಆಟೊ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಶಟರ್ ಎಷ್ಟು ಹೊತ್ತು ತೆರೆದಿರಬೇಕು ಅನ್ನೋದನ್ನ ಎಲೆಕ್ಟ್ರಾನಿಕ್ಸ್ ನೋಡಿಕೊಳ್ಳುತ್ತದೆ. ನಿಕಾನ್ ಎಫ್‌ಇ2ನಲ್ಲಿ ಸೆಲ್ ಸತ್ತರೆ ಉಳಿಯುವುದು 1/250 ಸೆಕೆಂಡ್ ಮತ್ತು ಬಲ್ಬ್ (ಬಟನ್ ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುವುದು) ಅಷ್ಟೇ. ಆಟೊ, ಬ್ಯಾಟರಿ ಇಲ್ಲದೆಯೂ ಎಲ್ಲಾ ಸ್ಪೀಡ್, ಈ ಎರಡನ್ನೂ ಕೂಡಿಸಿದ್ದು 2001ರ ನಿಕಾನ್ ಎಫ್‌ಎಂ3ಎ. ನನ್ನ ಪಾಲಿಗೆ ಆದರ್ಶ ಕ್ಯಾಮೆರಾ ಅಂದ್ರೆ ಅದೇ, ಆದರೆ ಸೆಕೆಂಡ್‌ಹ್ಯಾಂಡ್ ಕೂಡ ತುಂಬಾ ದುಬಾರಿ.

ಹಾಗಾಗಿ ಮೊದಲು ಆಟೊ ಆಸೆ ಬಿಡಿ. ನಿಕಾನ್ ಎಫ್‌ಎಂ2 ಅಥವಾ ಪೆಂಟಾಕ್ಸ್ ಕೆ1000 ಹುಡುಕಿ. ಇವಕ್ಕೆ ಬ್ಯಾಟರಿ ಬೇಕಿರುವುದು ಬೆಳಕು ಅಳೆಯುವ ಮೀಟರ್‌ಗೆ ಮಾತ್ರ. ಒಲಿಂಪಸ್ ಓಎಂ-1 ಇನ್ನೂ ಪುಟ್ಟದು, ಚೆಂದದ್ದು. ಆದರೆ ಅದರ ಮೀಟರ್ 1.35 ವೋಲ್ಟ್ ಪಾದರಸದ ಸೆಲ್‌ಗೆ ಮಾಡಿದ್ದು, ಆ ಸೆಲ್ ತಯಾರಿಕೆ ನಿಂತಿದೆ.

ಚಿಕ್ಕಪೇಟೆ ಕಡೆಯ ಸಂಡೆ ಬಜಾರ್‌ನಲ್ಲಾಗಲಿ, ಯಾರದೋ ಮನೆಯಲ್ಲಾಗಲಿ, ಕೊಳ್ಳುವ ಮುಂಚೆ ಬ್ಯಾಟರಿ ತೆಗೆಸಿ, ಹಿಂದಿನ ಮುಚ್ಚಳ ತೆರೆದು, 1 ಸೆಕೆಂಡ್‌ನಿಂದ ಶುರುಮಾಡಿ ಪ್ರತಿ ಸ್ಪೀಡೂ ಒತ್ತಿ ನೋಡಿ. ನಿಧಾನದ ಸ್ಪೀಡ್‌ಗಳಲ್ಲಿ ಶಟರ್ ಪರದೆ ಮಧ್ಯದಲ್ಲೇ ತಡವರಿಸಿದರೆ ಬೇಡ. ಆಮೇಲೆ ಸೆಲ್ ಹಾಕಿ, ಐಎಸ್‌ಒ (ಫಿಲ್ಮ್‌ನ ಬೆಳಕಿನ ಸೂಕ್ಷ್ಮತೆ) 400, ಲೆನ್ಸ್‌ನ ರಂಧ್ರ ಎಫ್16 ಇಟ್ಟು, ಮಧ್ಯಾಹ್ನದ ಬಿಸಿಲು ಬಿದ್ದ ರಸ್ತೆಗೆ ಹಿಡಿಯಿರಿ. ಮೀಟರ್ 1/500ರ ಹತ್ತಿರ ತೋರಿಸಬೇಕು. ಒಂದು ಸ್ಟಾಪ್ (ಬೆಳಕು ದುಪ್ಪಟ್ಟು ಅಥವಾ ಅರ್ಧ) ಆಚೀಚೆಯಾದರೆ ಅದು ಮೀಟರ್ ದೋಷವೋ ರಸ್ತೆಯ ಬಣ್ಣವೋ ಖಚಿತವಾಗಿ ಹೇಳಲಾಗದು. ಎರಡಕ್ಕಿಂತ ಹೆಚ್ಚಾದರೆ ರಿಪೇರಿ ಖರ್ಚು ಸೇರಿಸಿಯೇ ಚೌಕಾಸಿ ಮಾಡಿ.

ಕೊನೆಗೆ ಲೆನ್ಸ್ ಒಳಗೆ ಮೊಬೈಲ್ ಟಾರ್ಚ್ ಬಿಡಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್. ಬಾಡಿ ಚೆನ್ನಾಗಿದ್ದರೆ ಅದನ್ನಷ್ಟೇ ತಗೊಳ್ಳಿ, 50 ಎಂಎಂ ಲೆನ್ಸ್ ಬೇರೆ ಕಡೆ ಸಿಗುತ್ತೆ.