ಪ್ಲಾಸ್ಟರ್ ಹಾಕಿದ ಕೈಯನ್ನು ಫೋನಲ್ಲೇ ತೋರಿಸಿದರೆ ಸಾಕಾ?

ಪ್ರಶ್ನೆ (ಕೊರೊನಾ ಲಾಕ್‌ಡೌನ್ ಕಾಲದ್ದು): ನಮ್ಮತ್ತೆಗೆ 62 ವರ್ಷ, ಸಕ್ಕರೆ ಕಾಯಿಲೆ ಇದೆ. ಹಿತ್ತಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ದಾವಣಗೆರೆಗೆ ಕರೆತಂದು ಪ್ಲಾಸ್ಟರ್ ಹಾಕಿಸಿ ಹತ್ತು ದಿನ ಆಯ್ತು. ಮತ್ತೆ ತೋರಿಸಬೇಕಿತ್ತು. ಲಾಕ್‌ಡೌನ್‌ನಿಂದ ಬಸ್ಸಿಲ್ಲ, ಕೊರೊನಾ ಭಯ ಬೇರೆ. ವಿಡಿಯೊ ಕಾಲ್‌ನಲ್ಲಿ ತೋರಿಸಿದರೆ ನಡೆಯುತ್ತಾ? ಹಳೇ ಮಂಡಿ ನೋವೂ ಇದೆ.
– ಓದುಗರೊಬ್ಬರು, ಜಗಳೂರು ತಾಲ್ಲೂಕು

ಉತ್ತರ (ಮೂಳೆ ಮತ್ತು ಕೀಲು ತಜ್ಞರು, ದಾವಣಗೆರೆ): ಸಕ್ಕರೆ ಕಾಯಿಲೆ ಇರುವ ಹಿರಿಯರನ್ನು ಈಗ ಆಸ್ಪತ್ರೆಯ ಸಾಲಿನಲ್ಲಿ ಕೂರಿಸುವುದು ನನಗೂ ಇಷ್ಟವಿಲ್ಲ. ಮಾತುಕತೆಯೆಲ್ಲ ಫೋನಲ್ಲೇ ಆಗಲಿ. ಆದರೆ ಎಕ್ಸ್‌ರೇ ಮಾತ್ರ ತಪ್ಪಿಸಬೇಡಿ.

ಯಾಕೆಂದರೆ, ಬಾವು ಇಳಿದ ಹಾಗೆ ಪ್ಲಾಸ್ಟರ್ ಸಡಿಲವಾಗುತ್ತದೆ. ಮೊದಲ ಎರಡು ಮೂರು ವಾರದಲ್ಲಿ, ಕೂರಿಸಿದ ಮೂಳೆ ಒಳಗೇ ಜರುಗಬಹುದು. ಹೊರಗಿನಿಂದ ಕಾಣುವುದಿಲ್ಲ, ನೋವೂ ಜಾಸ್ತಿ ಆಗದಿರಬಹುದು. ಈಗ ಗೊತ್ತಾದರೆ ಸರಿಪಡಿಸುವುದು ಸುಲಭ. ಓರೆಯಾಗಿಯೇ ಕೂಡಿಕೊಂಡ ಮೇಲೆ ಕಷ್ಟ. ಹಾಗಾಗಿ ಈ ವಾರವೇ ತಾಲ್ಲೂಕು ಆಸ್ಪತ್ರೆಯಲ್ಲೋ ಹತ್ತಿರದ ಎಕ್ಸ್‌ರೇ ಕೇಂದ್ರದಲ್ಲೋ ತೆಗೆಸಿ. ಫಿಲ್ಮನ್ನು ಹಗಲಲ್ಲಿ ಕಿಟಕಿಗೆ ಹಿಡಿದು, ಫ್ಲಾಶ್ ಆಫ್ ಮಾಡಿ ಫೋಟೊ ತೆಗೆಯಿರಿ. ಹೆಸರು, ದಿನಾಂಕ ಕಾಣಬೇಕು. ಹಳೇ ಫಿಲ್ಮಿನ ಫೋಟೊವನ್ನೂ ಜೊತೆಗೆ ಕಳಿಸಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತಾನೇ ಜರುಗಿದ್ದು ತಿಳಿಯುವುದು!

ಕೈ ಮುಟ್ಟಿ ನೋಡುವ ಕೆಲಸ ಮಾತ್ರ ನಿಮ್ಮದು. ದಿನಾ ಅತ್ತೆಯ ಬೆರಳಿನ ಉಗುರು ಒತ್ತಿ ಬಿಡಿ. ಬೆಳ್ಳಗಾದದ್ದು ಎರಡು ಸೆಕೆಂಡಿನಲ್ಲಿ ಮತ್ತೆ ಕೆಂಪಗಾಗಬೇಕು. ಬೆರಳು ಪೂರ್ತಿ ಮಡಚಿ ಬಿಡಿಸಲಿ, ಭುಜವನ್ನೂ ಆಡಿಸುತ್ತಿರಲಿ. ಆ ಕೈಯಲ್ಲಿ ಬಳೆ, ಉಂಗುರ ಇದ್ದರೆ ಇವತ್ತೇ ತೆಗೆಸಿ. ಬೆರಳು ನೀಲಿಯಾದರೆ, ಜೋಮು ಹಿಡಿದರೆ, ಬೆರಳು ಬಿಡಿಸಿದಾಗ ತಡೆಯಲಾರದ ನೋವು ಬಂದರೆ, ಪ್ಲಾಸ್ಟರ್ ಒಳಗಿನಿಂದ ವಾಸನೆ ಬಂದರೆ ಫೋನಿಗೆ ಕಾಯಬೇಡಿ. ರಾತ್ರಿಯಾದರೂ ಸರಿ, 108ಕ್ಕೆ ಕರೆ ಮಾಡಿ. ಇಂಥ ಹೊತ್ತಿನಲ್ಲಿ ಕೊರೊನಾ ಭಯಕ್ಕೆ ಮನೆಯಲ್ಲೇ ಉಳಿದರೆ ಕೈಗೇ ಅಪಾಯ.

ಇನ್ನೊಂದು ಮಾತು. ಬಸ್ಸಿಲ್ಲವೆಂದು ಪ್ಲಾಸ್ಟರ್ ಬಿಚ್ಚಿಸಿ ನಾಟಿ ಕಟ್ಟು ಕಟ್ಟಿಸಬೇಡಿ. ಬಿಗಿ ಕಟ್ಟಿನಿಂದ ರಕ್ತ ಓಡಾಟ ನಿಂತು ಕೈ ಕಳೆದುಕೊಂಡವರಿದ್ದಾರೆ.

ಪರಿಚಯದ ಡಾಕ್ಟರ್ ಸಿಗದಿದ್ದರೆ ವಿಡಿಯೊ ಕಾಲ್‌ನಲ್ಲಿ ವೈದ್ಯರನ್ನು ಕಾಣುವ ಸರ್ಕಾರದ ಇ-ಸಂಜೀವಿನಿ ಸೇವೆ ಇದೆ. 2020ರ ಏಪ್ರಿಲ್‌ನಿಂದ ಮನೆಯಿಂದಲೇ ಉಚಿತವಾಗಿ ಮಾತಾಡಬಹುದು. ಫೋನಲ್ಲಿ ನೋಡಿ ಚೀಟಿ ಬರೆಯಲು ವೈದ್ಯರಿಗೆ 2020ರ ಮಾರ್ಚ್ 25ರ ಕೇಂದ್ರದ ಮಾರ್ಗಸೂಚಿ ಅವಕಾಶ ಕೊಟ್ಟಿದೆ. ಟ್ರಮಡಾಲ್‌ನಂಥ ಗಟ್ಟಿ ನೋವಿನ ಮಾತ್ರೆಯನ್ನು ಮಾತ್ರ ಹೀಗೆ ಬರೆಯುವಂತಿಲ್ಲ. ಕೇಳಿದರೂ ಕೊಡಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡಿ. ಸಕ್ಕರೆ ಕಾಯಿಲೆಯವರು ಅಂಗಡಿಯಲ್ಲಿ ಕೇಳಿ ನೋವಿನ ಮಾತ್ರೆ ನುಂಗುವುದೂ ಬೇಡ. ಕಿಡ್ನಿಗೆ ಪೆಟ್ಟು.

ಮಂಡಿ ನೋವಿಗೆ ವಿಡಿಯೊ ಕಾಲ್ ಚೆನ್ನಾಗಿಯೇ ಆಗುತ್ತದೆ. ಸೀರೆ ಮಂಡಿಯ ಮೇಲಕ್ಕೆ ಕಟ್ಟಿಕೊಂಡು ಪಡಸಾಲೆಯಲ್ಲಿ ಹತ್ತು ಹೆಜ್ಜೆ ಹೋಗಿ ಬರಲಿ. ನೀವು ಫೋನನ್ನು ಮಂಡಿಯ ಎತ್ತರಕ್ಕೆ ಹಿಡಿಯಿರಿ. ಅಲ್ಲಿಯವರೆಗೆ ಒಂದು ವ್ಯಾಯಾಮ ಶುರು ಮಾಡಿಸಿ: ಕಾಲು ಚಾಚಿ, ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಒತ್ತಿ ಐದು ಎಣಿಸಿ ಬಿಡುವುದು. ಒಂದೊಂದು ಕಾಲಿಗೆ ಹತ್ತು ಸಲ, ಬೆಳಿಗ್ಗೆ ಸಂಜೆ.