ಮೋಡಕ್ಕೆ ಹೋಗದ ಗ್ಲೈಡರ್ ಪೈಲಟ್‌ಗೂ ಹೊರೈಜನ್ ಬೇಕೆ?

ಪ್ರಶ್ನೆ: ನಾನು ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಹಾರಿಸುತ್ತೇನೆ. ಬೇಕೆಂದು ಮೋಡದೊಳಗೆ ಹೋಗುವವನಲ್ಲ. ಆದರೂ ಅಕಸ್ಮಾತ್ ಸಿಕ್ಕಿಕೊಂಡರೆ ಇರಲಿ ಎಂದು ಆರ್ಟಿಫಿಶಿಯಲ್ ಹೊರೈಜನ್ (ದಿಗಂತ ಕಾಣದಿದ್ದರೂ ವಿಮಾನ ಎತ್ತ ವಾಲಿದೆ ಎಂದು ತೋರಿಸುವ ಉಪಕರಣ) ಹಾಕಿಸುವ ಯೋಚನೆಯಿದೆ. ಅದಿದ್ದರೆ ಮೋಡಕ್ಕೆ ನುಗ್ಗುವ ಭಂಡಧೈರ್ಯ ಬರುತ್ತದೆ, ಬೇಡ ಎನ್ನುತ್ತಾರೆ ಹಿರಿಯರೊಬ್ಬರು. ಏನು ಮಾಡಲಿ?

ಉತ್ತರ: ಹಾಕಿಸಿ. ಆದರೆ ಅದನ್ನೇ ನೋಡಿಕೊಂಡು ಹಾರುವುದನ್ನು ಬೋಧಕರ ಜೊತೆ ಕಲಿಯುವುದಾದರೆ ಮಾತ್ರ. ಇಲ್ಲವಾದರೆ ಹಿರಿಯರ ಮಾತೇ ಸರಿ.

ದಿಗಂತ ಮರೆಯಾದೊಡನೆ ನಮ್ಮನ್ನು ದಾರಿ ತಪ್ಪಿಸುವುದು ನಮ್ಮದೇ ಒಳಕಿವಿ. ತಿರುವು ಶುರುವಾದಾಗ ಅದು ಸುಳಿವು ಕೊಡುತ್ತದೆ. ಒಂದೇ ಸಮನೆ ತಿರುಗುತ್ತಿದ್ದರೆ 10–20 ಸೆಕೆಂಡಿನಲ್ಲಿ ಸುಮ್ಮನಾಗುತ್ತದೆ. ಗ್ಲೈಡರ್ ವಾಲಿಕೊಂಡೇ ಇರುತ್ತದೆ, ನಿಮಗೆ ನೆಟ್ಟಗೆ ಹೋಗುತ್ತಿರುವಂತೆ ಅನ್ನಿಸುತ್ತದೆ. ವೇಗ ಏರಿದ್ದು ಕಂಡು ಸ್ಟಿಕ್ ಹಿಂದಕ್ಕೆಳೆಯುತ್ತೀರಿ. ರೆಕ್ಕೆ ವಾಲಿರುವಾಗ ಹಾಗೆ ಎಳೆದರೆ ಸುರುಳಿ ಇನ್ನಷ್ಟು ಬಿಗಿಯಾಗುತ್ತದೆ. ನುಣುಪಾದ ಈಗಿನ ಗ್ಲೈಡರ್‌ಗಳು ವೇಗದ ಮಿತಿ ದಾಟಲು ಹೊತ್ತು ಹಿಡಿಯುವುದಿಲ್ಲ. ಯಾವ ಕಡೆಗೆ ವಾಲಿದೆ ಎಂದು ವೇಗಮಾಪಕ ಹೇಳದು, ದಿಕ್ಸೂಚಿಯನ್ನು ತಿರುವಿನಲ್ಲಿ ನಂಬುವಂತಿಲ್ಲ. ಹೊರೈಜನ್ ಹೇಳುತ್ತದೆ. ಮೈಗೆ ಅನ್ನಿಸಿದ್ದನ್ನು ಬಿಟ್ಟು ಅದನ್ನು ನಂಬಲು ಮಾತ್ರ ಅಭ್ಯಾಸ ಬೇಕೇ ಬೇಕು.

ನಿಮ್ಮಂಥವರಿಗೆ ಅದು ನಿಜಕ್ಕೂ ಒದಗುವುದು ಬೆಟ್ಟಸಾಲಿನ ವೇವ್‌ನಲ್ಲಿ, ಅಂದರೆ ಬೆಟ್ಟ ದಾಟಿದ ಗಾಳಿ ಅಲೆಯಂತೆ ಮೇಲೇಳುವ ಕಡೆ. ಮೋಡಗಳ ಮೇಲೆ ಏರಿದ್ದೀರಿ, ಅಷ್ಟರಲ್ಲಿ ಕೆಳಗಿನ ಕಿಂಡಿ ಮುಚ್ಚಿಕೊಂಡಿತು. ಎಂಜಿನ್ ಇಲ್ಲ, ಇಳಿಯಲೇಬೇಕು. ಮೋಡ ಮುಟ್ಟುವ ಮುನ್ನವೇ ಏರ್‌ಬ್ರೇಕ್ (ವೇಗ ಏರದಂತೆ ತಡೆಯುವ ರೆಕ್ಕೆಯ ಹಲಗೆಗಳು) ಪೂರ್ತಿ ತೆರೆಯಿರಿ, ರೆಕ್ಕೆ ಮಟ್ಟವಾಗಿರಲಿ. ಮೋಡದೊಳಗೆ ಬೆಟ್ಟದ ನೆತ್ತಿ ಅಡಗಿದ್ದರೆ ಹೊರೈಜನ್ ಕಾಪಾಡುವುದಿಲ್ಲ. ಆದ್ದರಿಂದ ಕಿಂಡಿ ಕಿರಿದಾಗುತ್ತಿರುವುದು ಕಂಡಾಗಲೇ ಇಳಿದುಬಿಡುವುದು ಮೇಲು.

ಕ್ಯುಮುಲಸ್ (ಹತ್ತಿಯ ಗುಡ್ಡೆಯಂಥ ಮೋಡ) ಕೆಳಗೆ ಸಿಕ್ಕಿಕೊಳ್ಳುವುದು ಬಹುಪಾಲು ಇನ್ನಷ್ಟು ಏರುವ ಆಸೆಯಿಂದ. ಸೆಕೆಂಡಿಗೆ 4 ಮೀಟರ್ ಏರುತ್ತಿದ್ದರೆ 100 ಮೀಟರ್ ಮೇಲಿನ ಮೋಡದ ತಳ ತಲುಪಲು 25 ಸೆಕೆಂಡ್ ಸಾಕು. ತಳ ಎಷ್ಟೋ ಸಲ ನಡುವೆ ಗುಮ್ಮಟದಂತೆ ಮೇಲೆದ್ದಿರುತ್ತದೆ, ಅಂಚು ಕೆಳಗಿರುತ್ತದೆ. ತಪ್ಪಿಸಿಕೊಳ್ಳಲು ಹೊರಟ ದಿಕ್ಕಿನಲ್ಲೇ ಮೋಡ ಎದುರಾಗುತ್ತದೆ. ಇನ್ನು ಗುಡುಗು ಮೋಡದೊಳಗಿನ ಆಲಿಕಲ್ಲು, ಮಂಜುಗಡ್ಡೆ, ಹೊಡೆತಗಳ ಎದುರು ಯಾವ ಉಪಕರಣವೂ ನಿಲ್ಲದು.

ಹಾಕಿಸಿದ ಮೇಲೆ ಟೇಕಾಫ್‌ಗೆ ಮುಂಚೆಯೇ ಆನ್ ಮಾಡಿಡಿ; ಮೋಡದೊಳಗೆ ಹೋದ ಮೇಲೆ ಸ್ವಿಚ್ ಹುಡುಕುವಂತಾಗಬಾರದು. ಬ್ಯಾಟರಿಯನ್ನೂ ನೋಡಿಕೊಳ್ಳಿ. ಫೋನಿನ ಆ್ಯಪ್ ಇದಕ್ಕೆ ಬದಲಿಯಲ್ಲ. ಬ್ರಿಟನ್‌ನಲ್ಲಿ ಗ್ಲೈಡರ್‌ಗಳು ಮೋಡದೊಳಗೆ ಹಾರುವ ರೂಢಿಯಿದೆ, ಎಲ್ಲ ದೇಶಗಳಲ್ಲೂ ಅಷ್ಟು ಸಡಿಲವಿಲ್ಲ. ನಿಮ್ಮಲ್ಲಿನ ನಿಯಮ ವಿಚಾರಿಸಿ. ಸ್ಪರ್ಧೆಗೆ ಹೋಗುವವರಾದರೆ ಸುಲಭವಾಗಿ ಕಳಚುವಂತೆ ಕೂರಿಸಿ, ಏಕೆಂದರೆ ಎಫ್‌ಎಐ (ಅಂತರರಾಷ್ಟ್ರೀಯ ವೈಮಾನಿಕ ಕ್ರೀಡಾ ಒಕ್ಕೂಟ) ವಿಶ್ವ ಚಾಂಪಿಯನ್‌ಶಿಪ್‌ಗಳಲ್ಲಿ ಇಂಥ ಉಪಕರಣ ಬಳಸುವಂತಿಲ್ಲ.